ಎತ್ತಿಗೆ ಜ್ವರ, ಎಮ್ಮೆಗೆ ಬರೆ: ಆಸ್ಟ್ರೇಲಿಯಾದ ಶುಲ್ಕ ಕಾನೂನು ಮತ್ತು ವಿದ್ಯಾರ್ಥಿ ಪರ್ವತಾರೋಹಣ ಕ್ಲಬ್‌ಗಳು

2005ರ ಡಿಸೆಂಬರ್ 9ರಂದು ಆಸ್ಟ್ರೇಲಿಯಾ ಸಂಸತ್ತಿನ ಮೇಲ್ಮನೆಯಾದ ಸೆನೆಟ್ ಒಂದು ಮಸೂದೆಗೆ ಒಪ್ಪಿಗೆ ಕೊಟ್ಟಿತು. ಅದರ ಉದ್ದನೆಯ ಸರ್ಕಾರಿ ಹೆಸರನ್ನು ಯಾರೂ ಬಳಸಲಿಲ್ಲ. ಎಲ್ಲರ ಬಾಯಲ್ಲೂ ಅದು ‘ವಿಎಸ್‌ಯು’, ಅಂದರೆ ಸ್ವಯಂ ಇಚ್ಛೆಯ ವಿದ್ಯಾರ್ಥಿ ಸಂಘ. ಕಾನೂನಿನ ತಿರುಳು ಸರಳ: ಓದಿಗೆ ನೇರ ಸಂಬಂಧವಿಲ್ಲದ ಸೇವೆಗಳಿಗಾಗಿ ಯಾವ ವಿಶ್ವವಿದ್ಯಾಲಯವೂ ವಿದ್ಯಾರ್ಥಿಗಳಿಂದ ಕಡ್ಡಾಯವಾಗಿ ಹಣ ವಸೂಲಿ ಮಾಡುವಂತಿಲ್ಲ, ವಿದ್ಯಾರ್ಥಿ ಸಂಘಕ್ಕೆ ಸೇರಲೇಬೇಕೆಂದು ಒತ್ತಾಯಿಸುವಂತಿಲ್ಲ. 2006ರ ಜುಲೈ 1ರಿಂದ ಇದು ಜಾರಿಗೆ ಬಂತು.

ಕಾನೂನಿನ ಕಣ್ಣು ಇದ್ದದ್ದು ವಿದ್ಯಾರ್ಥಿ ಸಂಘಗಳ ರಾಜಕೀಯದ ಮೇಲೆ. ಆದರೆ ಅದೇ ಶುಲ್ಕದ ಕೊಡದಿಂದ ಕ್ಯಾಂಟೀನು, ಶಿಶುವಿಹಾರ, ಕಾನೂನು ಸಲಹೆ, ಈಜುಕೊಳ ಎಲ್ಲಕ್ಕೂ ನೀರು ಹೋಗುತ್ತಿತ್ತು. ಸಾಲಿನ ಕೊನೆಯಲ್ಲಿ ನಿಂತಿದ್ದವು ಪರ್ವತಾರೋಹಣ ಕ್ಲಬ್‌ಗಳು. ಮೆಲ್ಬರ್ನ್ ವಿಶ್ವವಿದ್ಯಾಲಯದ್ದು 1944ರಲ್ಲಿ ಹುಟ್ಟಿದ ಕ್ಲಬ್. ಕ್ಯಾನ್‌ಬೆರಾದ ಆಸ್ಟ್ರೇಲಿಯನ್ ನ್ಯಾಷನಲ್ ಯೂನಿವರ್ಸಿಟಿಯದ್ದು ಹಿಮಾಲಯದವರೆಗೆ ಹೆಸರು ಮಾಡಿದ್ದು. ಇವು ಯಾವ ಪಕ್ಷದ ಪರವೂ ಕರಪತ್ರ ಹಂಚಿದ ಕ್ಲಬ್‌ಗಳಲ್ಲ. ಆದರೂ ಬರೆ ಬಿದ್ದದ್ದು ಇವುಗಳ ಮೇಲೂ.

ಜಗಳದ ಬೇರು

ವಿದ್ಯಾರ್ಥಿ ಸಂಘಗಳ ಮೇಲಿನ ಸಿಟ್ಟು 2005ರಲ್ಲಿ ಹೊಸದಾಗಿ ಹುಟ್ಟಿದ್ದಲ್ಲ. ಪ್ರಧಾನಿ ಜಾನ್ ಹೊವರ್ಡ್ ಅವರ ಸಂಪುಟದಲ್ಲಿ ಕೂತಿದ್ದ ಕೆಲವರು 1970ರ ದಶಕದಲ್ಲಿ ಎಡಪಂಥೀಯರ ಹಿಡಿತದಲ್ಲಿದ್ದ ವಿದ್ಯಾರ್ಥಿ ಸಂಘಗಳೊಂದಿಗೆ ಕ್ಯಾಂಪಸ್ಸಿನಲ್ಲೇ ಗುದ್ದಾಡಿ ಬೆಳೆದವರು. ಟೋನಿ ಆಬಟ್ 1979ರಲ್ಲಿ ಸಿಡ್ನಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಪ್ರತಿನಿಧಿ ಮಂಡಳಿಯ ಅಧ್ಯಕ್ಷರಾಗಿದ್ದರು, ಪೀಟರ್ ಕೊಸ್ಟೆಲೊ ಮೊನಾಶ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ನಾಯಕರಾಗಿದ್ದರು. ರಾಜ್ಯ ಮಟ್ಟದಲ್ಲಿ ಇಂಥದ್ದೇ ಕಾನೂನುಗಳು ಪಶ್ಚಿಮ ಆಸ್ಟ್ರೇಲಿಯಾ ಮತ್ತು ವಿಕ್ಟೋರಿಯಾದಲ್ಲಿ 1990ರ ದಶಕದಲ್ಲೇ ಬಂದುಹೋಗಿದ್ದವು. ಮೇಲಾಗಿ 2004ರಲ್ಲಿ ಮೆಲ್ಬರ್ನ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಸಂಘವು ಹಣದ ಅವ್ಯವಹಾರದ ಆರೋಪಗಳ ನಡುವೆ ದಿವಾಳಿಯಾಗಿ ಮುಚ್ಚಿಹೋಯಿತು. ಕಡ್ಡಾಯ ಶುಲ್ಕ ಬೇಡ ಎನ್ನುವವರಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿರಲಿಲ್ಲ. ಅಲ್ಲಿ ಕ್ರೀಡೆಯ ವ್ಯವಸ್ಥೆ ಸಂಘದಿಂದ ಬೇರೆಯೇ ಇತ್ತು ಎಂಬ ಸಣ್ಣ ವಿವರ ಆ ಗದ್ದಲದಲ್ಲಿ ಯಾರ ಕಿವಿಗೂ ಬೀಳಲಿಲ್ಲ.

ಮಸೂದೆ ತಂದವರು ಶಿಕ್ಷಣ ಸಚಿವ ಬ್ರೆಂಡನ್ ನೆಲ್ಸನ್. 76 ಸದಸ್ಯರ ಸೆನೆಟ್‌ನಲ್ಲಿ ಆಡಳಿತ ಮೈತ್ರಿಕೂಟಕ್ಕೆ ಇದ್ದದ್ದು 39 ಸ್ಥಾನ. ಒಬ್ಬರು ಆಚೆ ಹೋದರೆ ಸಮಬಲ, ಸಮಬಲವಾದರೆ ಮಸೂದೆಗೆ ಸೋಲು. ಆ ಒಬ್ಬರು ಆಚೆ ಹೋದರು ಕೂಡ. ಕ್ವೀನ್ಸ್‌ಲ್ಯಾಂಡಿನ ನ್ಯಾಷನಲ್ ಪಾರ್ಟಿ ಸೆನೆಟರ್ ಬಾರ್ನಬಿ ಜಾಯ್ಸ್ ತಮ್ಮದೇ ಸರ್ಕಾರದ ವಿರುದ್ಧ ಮತ ಹಾಕಿದರು. ಅವರು ಓದಿದ್ದು ಆರ್ಮಿಡೇಲ್ ಎಂಬ ಊರಿನ ಯೂನಿವರ್ಸಿಟಿ ಆಫ್ ನ್ಯೂ ಇಂಗ್ಲೆಂಡ್‌ನಲ್ಲಿ. ಸುತ್ತ ಆಳವಾದ ಕಮರಿಗಳು, ಗ್ರಾನೈಟ್ ಬಂಡೆಗಳು, ಅವನ್ನು ಹತ್ತಲು ವಿದ್ಯಾರ್ಥಿಗಳದ್ದೇ ಒಂದು ಪರ್ವತಾರೋಹಣ ಕ್ಲಬ್. ಅಂಥ ಊರುಗಳಲ್ಲಿ ವಿಶ್ವವಿದ್ಯಾಲಯದ ಮೈದಾನವೆಂದರೆ ಊರಿನ ಮೈದಾನವೂ ಹೌದು. ದೊಡ್ಡ ನಗರದ ಕ್ಯಾಂಪಸ್ಸು ತಡೆದುಕೊಳ್ಳುವ ಪೆಟ್ಟನ್ನು ಹಳ್ಳಿಗಾಡಿನ ಕ್ಯಾಂಪಸ್ಸು ತಡೆಯಲಾರದು ಎಂಬುದು ಅವರ ವಾದದ ಹುರುಳು. ಆದರೆ ಫ್ಯಾಮಿಲಿ ಫಸ್ಟ್ ಪಕ್ಷದ ಏಕೈಕ ಸೆನೆಟರ್ ಸ್ಟೀವ್ ಫೀಲ್ಡಿಂಗ್ ಸರ್ಕಾರದ ಕಡೆ ನಿಂತರು. ಮಸೂದೆ ಪಾಸಾಯಿತು.

ಪರವಾಗಿದ್ದವರ ವಾದವನ್ನು ಪೊಳ್ಳು ಎಂದು ತಳ್ಳಿಹಾಕುವುದು ಸರಿಯಲ್ಲ. ಶುಲ್ಕ ಕೆಲವು ಕಡೆ ವರ್ಷಕ್ಕೆ 500 ಡಾಲರ್ ದಾಟುತ್ತಿತ್ತು. ಮಗುವನ್ನು ಸಾಕುತ್ತ, ಸಂಜೆ ತರಗತಿಗೆ ಮಾತ್ರ ಬಂದುಹೋಗುವ ನರ್ಸಿಂಗ್ ವಿದ್ಯಾರ್ಥಿನಿ, ತಾನು ಎಂದೂ ಕಾಣದ ಬಂಡೆಯನ್ನು ಇನ್ನೊಬ್ಬರು ಹತ್ತಲಿ ಎಂದು ಏಕೆ ದುಡ್ಡು ಕೊಡಬೇಕು? ಪ್ರಶ್ನೆ ನ್ಯಾಯವಾದದ್ದೇ. ಹತ್ತುವ ಹುಚ್ಚು ಇರುವವರು ಸ್ವಂತ ದುಡ್ಡಲ್ಲಿ ಹತ್ತಿಕೊಳ್ಳಲಿ ಎಂಬ ಉತ್ತರವೂ ಮೇಲ್ನೋಟಕ್ಕೆ ಸರಿ ಅನ್ನಿಸುತ್ತದೆ. ಅದು ಎಲ್ಲಿ ತಪ್ಪುತ್ತದೆ ಎಂದು ಕಾಣಬೇಕಾದರೆ ಇಂಥ ಕ್ಲಬ್ಬಿನ ಸಾಮಾನಿನ ಬೀರುವನ್ನೊಮ್ಮೆ ತೆಗೆದು ನೋಡಬೇಕು.

ಬೀರುವಿನ ಲೆಕ್ಕ

ಹಗ್ಗ, ಸೊಂಟಕ್ಕೆ ಕಟ್ಟುವ ಹಾರ್ನೆಸ್, ಹೆಲ್ಮೆಟ್, ಕ್ಯಾರಬಿನರ್ ಎಂಬ ಲೋಹದ ಕೊಂಡಿ, ಹತ್ತುವವರು ಬೀಳದಂತೆ ಹಗ್ಗ ಹಿಡಿದು ತಡೆಯುವ ಬಿಲೇ ಸಾಧನ, ಬಂಡೆಯ ಸೀಳಿನಲ್ಲಿ ಸಿಕ್ಕಿಸುವ ಕ್ಯಾಮ್‌ಗಳು, ಚಳಿಗಾಲಕ್ಕೆ ಹಿಮಗೊಡಲಿ, ಬೂಟಿಗೆ ಕಟ್ಟುವ ಮುಳ್ಳುಗಳಾದ ಕ್ರ್ಯಾಂಪಾನ್, ಟೆಂಟು. ಒಂದು ಕ್ಯಾಮ್‌ಗೆ ಇಂದು 100 ಡಾಲರ್‌ಗಿಂತ ಹೆಚ್ಚು. ಹಗ್ಗ ಸಿಕ್ಕಿಸಲು ಮೊದಲೇ ಬೋಲ್ಟ್ ಹೊಡೆಯದ ಬಂಡೆಯನ್ನು ಹತ್ತಲು ಒಂದಲ್ಲ, ಅಳತೆಗೊಂದರಂತೆ ಇಡೀ ಸೆಟ್ ಬೇಕು. ವಿಕ್ಟೋರಿಯಾದ ಹೆಸರಾಂತ ಮೌಂಟ್ ಆರಪೈಲ್ಸ್ ಬಹುತೇಕ ಇಂಥದ್ದೇ ಬಂಡೆ. ಗಟ್ಟಿ ಮರಳುಗಲ್ಲು, 2,000ಕ್ಕೂ ಮಿಕ್ಕಿದ ಮಾರ್ಗಗಳು, ಮೆಲ್ಬರ್ನ್‌ನಿಂದ 300 ಕಿ.ಮೀ.ಗೂ ಹೆಚ್ಚು ದೂರ. ಮೊದಲ ವರ್ಷದ ವಿದ್ಯಾರ್ಥಿಯೊಬ್ಬ ಇಷ್ಟು ಸಾಮಾನನ್ನು ಸ್ವಂತಕ್ಕೆ ಕೊಂಡು, ಕಾರು ಹೊಂದಿಸಿಕೊಂಡು, ಕಲಿಸುವ ಗೈಡಿಗೂ ದುಡ್ಡು ಕೊಟ್ಟು ಅಲ್ಲಿಗೆ ಹೋಗಬೇಕೆಂದರೆ ಅವನ ಅಪ್ಪ ಅನುಕೂಲಸ್ಥನಾಗಿರಬೇಕು. ಕ್ಲಬ್ಬು ಇದ್ದರೆ ಸದಸ್ಯತ್ವದ ಹಣ, ಸಾಮಾನಿನ ಅಲ್ಪ ಬಾಡಿಗೆ, ಪೆಟ್ರೋಲಿನಲ್ಲಿ ಒಂದು ಪಾಲು. ಅಲ್ಲಿಗೆ ಮುಗಿಯಿತು.

ಇಲ್ಲೊಂದು ಸಂಗತಿ ಉಳಿದ ಆಟಗಳಿಗಿಂತ ಬೇರೆ. ಫುಟ್‌ಬಾಲ್ ತಂಡ ಸವೆದ ಚೆಂಡಿನಲ್ಲಿ ಇನ್ನೊಂದು ಋತು ಆಡಬಹುದು. ಬಂಡೆ ಹತ್ತುವವರು ಸವೆದ ಹಗ್ಗದಲ್ಲಿ ಇನ್ನೊಂದು ಋತು ಹತ್ತುವಂತಿಲ್ಲ. ನೈಲಾನ್ ಹಗ್ಗ ಬಳಸದೆ ಇಟ್ಟರೂ ಹಳತಾಗುತ್ತದೆ. ತಯಾರಕರು ಸಾಮಾನ್ಯವಾಗಿ ಹತ್ತು ವರ್ಷಕ್ಕಿಂತ ಹೆಚ್ಚು ಇಡಬೇಡಿ ಎನ್ನುತ್ತಾರೆ. ವಾರವಾರ ಹೊರಗೆ ಹೋಗುವ ಕ್ಲಬ್ಬಿನ ಹಗ್ಗಕ್ಕೆ ಅದರ ಒಂದು ಪಾಲೂ ಆಯುಷ್ಯವಿಲ್ಲ. ಹಾರ್ನೆಸ್ಸಿಗೂ ಸ್ಲಿಂಗ್ ಎಂಬ ಬಟ್ಟೆಪಟ್ಟಿಗೂ ಇದೇ ಗತಿ. ರಾಮನಗರದ ಬಂಡೆಗಳಲ್ಲಿ ವಾರಾಂತ್ಯ ಕಳೆಯುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅನುದಾನ ನಿಂತ ದಿನ ಬೀರು ತುಂಬಿಯೇ ಇರುತ್ತದೆ. ಲೆಕ್ಕಪತ್ರ ನೋಡುವವರಿಗೆ ಏನೂ ಆಗಿಲ್ಲ ಅನ್ನಿಸುತ್ತದೆ. ಮೂರು ವರ್ಷ ಕಳೆದ ಮೇಲೆ, ಹಗ್ಗಗಳು ಒಂದೊಂದಾಗಿ ಕತ್ತರಿಸಿ ಎಸೆಯುವ ಹಂತಕ್ಕೆ ಬಂದಾಗ, ಬದಲಿಗೆ ತರಲು ಹಣ ಎಲ್ಲಿ ಎಂಬ ಪ್ರಶ್ನೆ ಏಳುತ್ತದೆ. ಅಷ್ಟರಲ್ಲಿ ಅನುದಾನ ನಿಂತಾಗ ಖಜಾಂಚಿಯಾಗಿದ್ದವಳು ಪದವಿ ಮುಗಿಸಿ ಯಾವುದೋ ಕಂಪನಿ ಸೇರಿರುತ್ತಾಳೆ.

ಆದರೆ ಬೀರುವಿನಲ್ಲಿರುವ ಬೆಲೆಬಾಳುವ ವಸ್ತು ಹಗ್ಗವಲ್ಲ, ಅದನ್ನು ಹಾಕುವ ಕೈ. ವಿದ್ಯಾರ್ಥಿ ಕ್ಲಬ್ಬಿನಲ್ಲಿ ಸಂಬಳದ ಮೇಷ್ಟ್ರು ಇರುವುದಿಲ್ಲ. ಮೂರನೇ ವರ್ಷದವಳು ಮೊದಲ ವರ್ಷದವನಿಗೆ ಗಂಟು ಹಾಕುವುದನ್ನು, ಬಿಲೇ ಹಿಡಿಯುವುದನ್ನು, ಹಗ್ಗವನ್ನು ಬಂಡೆಗೆ ಭದ್ರಪಡಿಸುವ ಆಂಕರ್ ಕಟ್ಟುವುದನ್ನು ಕಲಿಸುತ್ತಾಳೆ. ಎಲ್ಲಕ್ಕಿಂತ ಕಷ್ಟದ ವಿದ್ಯೆ, ಯಾವಾಗ ಹಿಂದಿರುಗಬೇಕು ಎಂಬುದು. ಅದೂ ಅವಳ ಜೊತೆ ಹೋಗಿಬಂದೇ ತಿಳಿಯಬೇಕು, ಕೈಪಿಡಿ ಓದಿದರೆ ಬರುವುದಿಲ್ಲ. ಪ್ರತಿ ಮೂರು ನಾಲ್ಕು ವರ್ಷಕ್ಕೊಮ್ಮೆ ಕ್ಲಬ್ಬಿನ ರಕ್ತವೆಲ್ಲ ಬದಲಾಗುತ್ತದೆ. ಪ್ರಥಮ ಚಿಕಿತ್ಸೆಯ ಕೋರ್ಸಿಗೆ, ಲೀಡರ್ ತರಬೇತಿಗೆ ಸಿಗುತ್ತಿದ್ದ ನೆರವು ಎರಡು ವರ್ಷ ತಪ್ಪಿದರೆ, ಮೂರನೇ ವರ್ಷ ಹೊಸಬರನ್ನು ಕರೆದೊಯ್ಯುವವರೇ ಇರುವುದಿಲ್ಲ. ಹೊಸಬರು ಬರದಿದ್ದರೆ ಮುಂದಿನ ಲೀಡರ್‌ಗಳೂ ಇಲ್ಲ. ಈ ನಷ್ಟ ಯಾವ ವಾರ್ಷಿಕ ವರದಿಯಲ್ಲೂ ರೂಪಾಯಿ ಆಣೆಯಲ್ಲಿ ಕಾಣಿಸುವುದಿಲ್ಲ.

ಇನ್ನು ವಿಮೆ. 2001ರಲ್ಲಿ ಎಚ್‌ಐಎಚ್ ಎಂಬ ದೊಡ್ಡ ವಿಮಾ ಸಂಸ್ಥೆ ಕುಸಿದ ಮೇಲೆ ಆಸ್ಟ್ರೇಲಿಯಾದಲ್ಲಿ ಸಾರ್ವಜನಿಕ ಹೊಣೆಗಾರಿಕೆಯ ವಿಮಾ ಕಂತು ಗಗನಕ್ಕೇರಿತ್ತು, ಸಾಹಸ ಕ್ರೀಡೆಗಳಿಗಂತೂ ವಿಮೆ ಸಿಗುವುದೇ ಕಷ್ಟವಾಗಿತ್ತು. ವಿಶ್ವವಿದ್ಯಾಲಯದ ಕ್ರೀಡಾ ಸಂಸ್ಥೆಯ ಕೊಡೆಯ ಕೆಳಗೆ ನಿಂತ ಕ್ಲಬ್ಬಿಗೆ ಆ ಮಳೆ ಅಷ್ಟಾಗಿ ತಟ್ಟದು. ಕೊಡೆ ಹಿಡಿದವರ ಆದಾಯಕ್ಕೇ ಕತ್ತರಿ ಬಿದ್ದರೆ?

ದುನಾಗಿರಿಯ ದಾರಿ

ಇಂಥ ಕ್ಲಬ್ಬಿನಿಂದ ಸಮಾಜಕ್ಕೆ ಏನು ಸಿಕ್ಕಿತು ಎಂದು ಕೇಳುವವರಿಗೆ ಆಸ್ಟ್ರೇಲಿಯಾದವರು ಥಟ್ಟನೆ ಹೇಳುವ ಉತ್ತರ ಎವರೆಸ್ಟ್. ಅದರ ಹಿಂದಿನ ಮೆಟ್ಟಿಲು ಇರುವುದು ನಮ್ಮ ಗಢವಾಲದಲ್ಲಿ. 1978ರಲ್ಲಿ ಆಸ್ಟ್ರೇಲಿಯನ್ ನ್ಯಾಷನಲ್ ಯೂನಿವರ್ಸಿಟಿಯ ಪರ್ವತಾರೋಹಣ ಕ್ಲಬ್ಬಿನವರು ಕೂಡಿ 7,066 ಮೀಟರ್ ಎತ್ತರದ ದುನಾಗಿರಿಗೆ ಬಂದರು. ಆ ತಂಡದ ಟಿಮ್ ಮೆಕಾರ್ಟ್ನಿ-ಸ್ನೇಪ್ ಶಿಖರ ಮುಟ್ಟಿದರು. ಜೊತೆಗಾರ ಲಿಂಕನ್ ಹಾಲ್ ಕಾಲ್ಬೆರಳುಗಳಿಗೆ ಹಿಮಗಡಿತ ಮಾಡಿಕೊಂಡು ಮರಳಿದರು. ಆರು ವರ್ಷದ ನಂತರ, 1984ರ ಅಕ್ಟೋಬರ್ 3ರಂದು, ಅದೇ ಮೆಕಾರ್ಟ್ನಿ-ಸ್ನೇಪ್ ಮತ್ತು ಗ್ರೆಗ್ ಮಾರ್ಟಿಮರ್ ಎವರೆಸ್ಟ್‌ನ ಉತ್ತರ ಮುಖದಲ್ಲಿ ಹೊಸ ಮಾರ್ಗ ಹಿಡಿದು, ಆಮ್ಲಜನಕದ ಸಿಲಿಂಡರ್ ಇಲ್ಲದೆ ತುದಿ ಮುಟ್ಟಿದ ಮೊದಲ ಆಸ್ಟ್ರೇಲಿಯನ್ನರಾದರು. ಹಾಲ್ ಆ ತಂಡದಲ್ಲೂ ಇದ್ದರು. ಅವರೇ 2006ರ ಮೇ ತಿಂಗಳಲ್ಲಿ ಎವರೆಸ್ಟ್ ಇಳಿಯುವಾಗ ಸತ್ತರೆಂದು ಕೈಬಿಡಲ್ಪಟ್ಟು, ಒಂದು ರಾತ್ರಿ ಬಯಲಲ್ಲಿ ಕಳೆದು ಬದುಕಿ ಬಂದದ್ದು. ಆಗಿನ್ನೂ ಶುಲ್ಕ ಕಾನೂನು ಜಾರಿಯಾಗಲು ಒಂದು ತಿಂಗಳು ಬಾಕಿಯಿತ್ತು.

ಶಿಖರಗಳ ಪಟ್ಟಿ ತೋರಿಸಿ ಅನುದಾನ ಕೇಳುವುದು ನನಗೆ ಅಷ್ಟು ಒಪ್ಪಿಗೆಯಲ್ಲ. ಸಾವಿರ ಸದಸ್ಯರಲ್ಲಿ ಒಬ್ಬರು ಎವರೆಸ್ಟ್ ಏರಿದರೆ ಉಳಿದ 999 ಮಂದಿಯ ಲೆಕ್ಕ ಏನು? ಆ ಪ್ರಶ್ನೆಗೆ ಒಳ್ಳೆಯ ಉತ್ತರ ಮೆಲ್ಬರ್ನ್ ಕ್ಲಬ್ಬಿನ ಕಡೆ ಇದೆ. ವಿಕ್ಟೋರಿಯಾದ ಎರಡನೇ ಅತಿ ಎತ್ತರದ ಶಿಖರ ಮೌಂಟ್ ಫೆದರ್‌ಟಾಪ್, 1,922 ಮೀಟರ್. ಅದರ ವಾಯವ್ಯ ಏಣಿನ ಮೇಲೆ ಗುಮ್ಮಟದಾಕಾರದ ಒಂದು ಗುಡಿಸಲಿದೆ. 1960ರ ದಶಕದಲ್ಲಿ ಕ್ಲಬ್ಬಿನ ವಿದ್ಯಾರ್ಥಿಗಳು ತೀರಿಕೊಂಡ ಗೆಳೆಯರ ನೆನಪಿಗೆ ಕಟ್ಟಿದ್ದು. ಇಂದಿಗೂ ಕ್ಲಬ್ಬಿನವರೇ ನೋಡಿಕೊಳ್ಳುತ್ತಾರೆ, ಆದರೆ ಹಿಮಗಾಳಿಗೆ ಸಿಕ್ಕ ಯಾರು ಬೇಕಾದರೂ ಒಳಗೆ ಹೋಗಿ ಕೂರಬಹುದು. ಹಾಗೆಯೇ 1949ರಿಂದ ವಿಕ್ಟೋರಿಯಾದಲ್ಲಿ ಬೆಟ್ಟ ಕಾಡುಗಳಲ್ಲಿ ಕಾಣೆಯಾದವರನ್ನು ಪೊಲೀಸರ ಜೊತೆ ಹುಡುಕುವ ಸ್ವಯಂಸೇವಕ ಪಡೆಯೊಂದಿದೆ, ‘ಬುಷ್ ಸರ್ಚ್ ಅಂಡ್ ರೆಸ್ಕ್ಯೂ’. ಅದಕ್ಕೆ ಆಳು ಬರುವುದು ನಡಿಗೆ ಮತ್ತು ಪರ್ವತಾರೋಹಣ ಕ್ಲಬ್‌ಗಳಿಂದ. ಸಂಜೆ ತರಗತಿಯ ಆ ನರ್ಸಿಂಗ್ ವಿದ್ಯಾರ್ಥಿನಿಯ ಅಣ್ಣ ಕಾಡಿನಲ್ಲಿ ದಾರಿ ತಪ್ಪಿದರೆ ರಾತ್ರಿ ಟಾರ್ಚು ಹಿಡಿದು ಹೊರಡುವವರಲ್ಲಿ ಇಂಥ ಕ್ಲಬ್ಬಿನಲ್ಲಿ ನಕಾಶೆ ಓದಲು ಕಲಿತವರೂ ಇರುತ್ತಾರೆ. ಅವಳ ಶುಲ್ಕ ಪೂರ್ತಿ ಪರರ ಪಾಲಾಗುತ್ತಿತ್ತು ಎನ್ನುವುದು ಹಾಗಾಗಿ ಅರ್ಧ ಸತ್ಯ.

ಆರು ವರ್ಷದ ಬಿಡುವು

ಸರ್ಕಾರ ಬರಿಗೈಯಲ್ಲೇನೂ ಬಿಡಲಿಲ್ಲ. ಕ್ರೀಡಾ ಸೌಲಭ್ಯಗಳಿಗಾಗಿ 8 ಕೋಟಿ ಡಾಲರ್‌ನ ಪರಿವರ್ತನಾ ನಿಧಿ ಇಟ್ಟಿತು. ಆದರೆ ಆ ಹಣದ ಸ್ವಭಾವವೇ ಬೇರೆ. ಅದು ಕಟ್ಟಡಕ್ಕೆ, ಮೈದಾನಕ್ಕೆ, ಕಣ್ಣಿಗೆ ಕಾಣುವ ಕಾಮಗಾರಿಗೆ ಒಗ್ಗುವಂಥದ್ದು. ಉದ್ಘಾಟನೆಗೆ ಮಂತ್ರಿಗಳು ಬಂದು ರಿಬ್ಬನ್ ಕತ್ತರಿಸಬಹುದು. ಪ್ರತಿ ವರ್ಷ ನಾಲ್ಕು ಹಗ್ಗ, ಹತ್ತು ಹೆಲ್ಮೆಟ್, ಇಬ್ಬರಿಗೆ ಪ್ರಥಮ ಚಿಕಿತ್ಸೆ ತರಬೇತಿ ಎಂಬಂಥ ಬಿಡಿಬಿಡಿ ಖರ್ಚಿಗೆ ರಿಬ್ಬನ್ ಕಟ್ಟಲಾಗದು. ಬಂಡೆ ಹತ್ತುವವರಿಗೆ ಕ್ರೀಡಾಂಗಣವನ್ನು ಯಾರೂ ಕಟ್ಟಿಕೊಡಬೇಕಾಗಿಯೂ ಇರಲಿಲ್ಲ, ಅದು ಆರಪೈಲ್ಸ್‌ನಲ್ಲಿ ಮೊದಲೇ ನಿಂತಿತ್ತು. ಅವರಿಗೆ ಬೇಕಿದ್ದದ್ದು ಆ ಬಿಡಿ ಖರ್ಚು.

2007ರ ಕೊನೆಯಲ್ಲಿ ಸರ್ಕಾರ ಬದಲಾಯಿತು. 2008ರಲ್ಲಿ ಯುವಜನ ಸಚಿವೆ ಕೇಟ್ ಎಲಿಸ್ ವಿಎಸ್‌ಯು ಪರಿಣಾಮದ ಬಗ್ಗೆ ಪರಾಮರ್ಶೆ ನಡೆಸಿದರು. ವಿಶ್ವವಿದ್ಯಾಲಯಗಳ ಕೈಯಿಂದ ಸುಮಾರು 17 ಕೋಟಿ ಡಾಲರ್ ಜಾರಿತು ಎಂಬುದು ಅವರು ಮತ್ತೆ ಮತ್ತೆ ಹೇಳಿದ ಅಂಕಿ. ಸೇವೆಗಳು ಕುಗ್ಗಿವೆ, ಸಣ್ಣ ಹಾಗೂ ಪ್ರಾದೇಶಿಕ ಕ್ಯಾಂಪಸ್‌ಗಳಿಗೆ ಹೆಚ್ಚು ಪೆಟ್ಟು ಬಿದ್ದಿದೆ, ಕೆಲವು ವಿಶ್ವವಿದ್ಯಾಲಯಗಳು ಬೋಧನೆ ಮತ್ತು ಸಂಶೋಧನೆಯ ಹಣವನ್ನು ಎತ್ತಿ ಈ ಕಡೆ ಹಾಕುತ್ತಿವೆ ಎಂಬ ಚಿತ್ರ ಅಲ್ಲಿ ಮೂಡಿತು. ಬಾರ್ನಬಿ ಜಾಯ್ಸ್ 2005ರಲ್ಲಿ ಹೇಳಿದ್ದೂ ಇದನ್ನೇ.

ಪರ್ವತಾರೋಹಣ ಕ್ಲಬ್‌ಗಳು ಈ ಅವಧಿಯಲ್ಲಿ ಸತ್ತವೇ? ದೊಡ್ಡವು ಸಾಯಲಿಲ್ಲ. ಮೆಲ್ಬರ್ನ್ ಮತ್ತು ಕ್ಯಾನ್‌ಬೆರಾದ ಕ್ಲಬ್‌ಗಳು ಇಂದಿಗೂ ಗಟ್ಟಿಯಾಗಿವೆ. ವಿಎಸ್‌ಯು ಪರ ಇದ್ದವರು ಇದನ್ನೇ ತಮ್ಮ ಗೆಲುವೆಂದು ತೋರಿಸಬಹುದು. ಆದರೆ ಯಾರು ಬದುಕಿದರು ಎಂದು ನೋಡಿದರೆ ಕಥೆ ತಿರುಗುತ್ತದೆ. ದಶಕಗಳಿಂದ ಕೂಡಿಟ್ಟ ಸಾಮಾನು, ಕೈ ಹಿಡಿಯುವ ಹಳೆಯ ವಿದ್ಯಾರ್ಥಿಗಳು, ಸಾವಿರಾರು ಹೊಸ ವಿದ್ಯಾರ್ಥಿಗಳು ಬರುವ ದೊಡ್ಡ ಕ್ಯಾಂಪಸ್ಸು, ತನ್ನ ಜೇಬಿನಿಂದಲೇ ಕ್ರೀಡೆಗೆ ಕೊಡಬಲ್ಲ ಶ್ರೀಮಂತ ವಿಶ್ವವಿದ್ಯಾಲಯ ಇದ್ದವರಿಗೆ ಹೇಗೋ ನಡೆಯುತ್ತದೆ. ಆ ಆಸ್ತಿಯೂ ಬಹುಪಾಲು ಕಡ್ಡಾಯ ಶುಲ್ಕದ ಕಾಲದಲ್ಲಿ ಬೆಳೆದು ನಿಂತದ್ದು. ಹೊಸದಾಗಿ ಕ್ಲಬ್ ಕಟ್ಟಬೇಕೆಂದಿರುವ ಸಣ್ಣ ಊರಿನ ಹತ್ತು ಮಂದಿಗೆ ಇದರಲ್ಲಿ ಒಂದೂ ಇಲ್ಲ. ಬದುಕಿದ ಕ್ಲಬ್ಬಿನೊಳಗೂ ಸದಸ್ಯತ್ವ ಮತ್ತು ಬಾಡಿಗೆ ಏರಿಸುವುದೇ ಸುಲಭದ ದಾರಿ. ಏರಿದಷ್ಟೂ ಹೊರಗುಳಿಯುವವರು ಸ್ವಂತ ಹಗ್ಗ ಕೊಳ್ಳಲಾಗದವರು. ಬಡ ವಿದ್ಯಾರ್ಥಿಯ ಹೆಸರಿನಲ್ಲಿ ಬಂದ ಕಾನೂನು ಬಂಡೆ ಹತ್ತುವುದನ್ನು ಇನ್ನಷ್ಟು ಉಳ್ಳವರ ಆಟವಾಗಿಸುವ ದಿಕ್ಕಿಗೆ ತಳ್ಳಿತು. ಈ ಪ್ರಕರಣದಲ್ಲಿ ನನಗೆ ಎಲ್ಲಕ್ಕಿಂತ ಕಹಿ ಅನ್ನಿಸಿದ್ದು ಇದು.

ಶುಲ್ಕ ಮರಳಿತು, ಜಗಳ ಉಳಿಯಿತು

2009ರ ಆಗಸ್ಟ್‌ನಲ್ಲಿ ಹೊಸ ಸರ್ಕಾರ ತಂದ ಶುಲ್ಕದ ಮಸೂದೆ ಸೆನೆಟ್‌ನಲ್ಲಿ ಬಿದ್ದುಹೋಯಿತು. 2011ರ ಜುಲೈನಲ್ಲಿ ಸೆನೆಟ್‌ನ ಬಲಾಬಲ ಬದಲಾಗಿ ಫೀಲ್ಡಿಂಗ್ ಹೋಗಿ ಗ್ರೀನ್ಸ್ ಪಕ್ಷದ ಕೈ ಮೇಲಾದ ಬಳಿಕ, ಅಕ್ಟೋಬರ್ 11ರಂದು ಪಾಸಾಯಿತು. 2012ರಿಂದ ವಿಶ್ವವಿದ್ಯಾಲಯಗಳು ವರ್ಷಕ್ಕೆ ಗರಿಷ್ಠ 263 ಡಾಲರ್ ‘ವಿದ್ಯಾರ್ಥಿ ಸೇವೆ ಮತ್ತು ಸೌಲಭ್ಯ ಶುಲ್ಕ’ ಪಡೆಯಬಹುದಾಯಿತು. ಕೈಯಲ್ಲಿ ಹಣ ಇಲ್ಲದ ಆಸ್ಟ್ರೇಲಿಯನ್ ವಿದ್ಯಾರ್ಥಿಗೆ ಸರ್ಕಾರಿ ಸಾಲ ಇದೆ, ದುಡಿಯತೊಡಗಿದ ಮೇಲೆ ತೀರಿಸಿದರಾಯಿತು. ಈ ಹಣವನ್ನು ರಾಜಕೀಯ ಪಕ್ಷಕ್ಕಾಗಲಿ ಚುನಾವಣೆಗಾಗಲಿ ಕೊಡುವಂತಿಲ್ಲ. ಖರ್ಚು ಮಾಡಬಹುದಾದ 19 ಉದ್ದೇಶಗಳನ್ನು ಕಾನೂನೇ ಪಟ್ಟಿ ಮಾಡಿದೆ, ಕ್ರೀಡೆ ಮತ್ತು ಮನರಂಜನೆ ಅದರಲ್ಲಿ ಸೇರಿವೆ. ನೋಡಿದರೆ 2005ರಲ್ಲೇ ಮಾಡಬಹುದಾಗಿದ್ದ ರಾಜಿ ಇದು. ರಾಜಕೀಯಕ್ಕೆ ಬೇಲಿ ಹಾಕಿ ಉಳಿದದ್ದನ್ನು ಬಿಟ್ಟಿದ್ದರೆ ಆರು ವರ್ಷದ ಕಷ್ಟ ತಪ್ಪುತ್ತಿತ್ತು. ವಿದ್ಯಾರ್ಥಿ ಕ್ಲಬ್ಬಿನ ಕಾಲಮಾನದಲ್ಲಿ ಆರು ವರ್ಷವೆಂದರೆ ಎರಡು ತಲೆಮಾರು. ಹಳೆಯ ವ್ಯವಸ್ಥೆ ಹೇಗಿತ್ತೆಂದು ಬಲ್ಲ ಪದವಿ ವಿದ್ಯಾರ್ಥಿ 2012ರಲ್ಲಿ ಒಬ್ಬರೂ ಉಳಿದಿರಲಿಲ್ಲ ಎಂದರೂ ನಡೆದೀತು.

ಶುಲ್ಕದ ಮಿತಿ ಪ್ರತಿ ವರ್ಷ ಏರುತ್ತ 2025ರಲ್ಲಿ 365 ಡಾಲರ್ ಆಗಿತ್ತು. ಅದೇ ವರ್ಷದಿಂದ ಇನ್ನೊಂದು ನಿಯಮ ಬಂದಿದೆ: ಸಂಗ್ರಹವಾದ ಶುಲ್ಕದಲ್ಲಿ ಕನಿಷ್ಠ ಶೇ. 40ರಷ್ಟು ವಿದ್ಯಾರ್ಥಿಗಳೇ ನಡೆಸುವ ಸಂಸ್ಥೆಗಳಿಗೆ ಹೋಗಬೇಕು. ಕೇಳಲು ಹಿತವಾಗಿದೆ. ಪರ್ವತಾರೋಹಣ ಕ್ಲಬ್ಬಿಗಿಂತ ಹೆಚ್ಚು ವಿದ್ಯಾರ್ಥಿಗಳದ್ದೇ ಆದ ಸಂಸ್ಥೆ ಇನ್ನೇನಿದ್ದೀತು? ಆದರೆ ಹಲವು ಕಡೆ ಕ್ಲಬ್ಬಿಗೆ ಹಣ ಬರುವುದು ನೇರವಾಗಿ ಅಲ್ಲ, ವಿಶ್ವವಿದ್ಯಾಲಯದ ಕ್ರೀಡಾ ವಿಭಾಗದ ಮೂಲಕ. ಆ ವಿಭಾಗ ನಡೆಸುವವರು ಸಂಬಳದ ಅಧಿಕಾರಿಗಳು. ವಿದ್ಯಾರ್ಥಿ ಸಂಘದ ಪಾಲು ಹಿಗ್ಗಿದಷ್ಟೂ ಕ್ರೀಡಾ ವಿಭಾಗದ ಪಾಲು ಕುಗ್ಗಬೇಕು. ಹಾಗಾದಾಗ ವಿಭಾಗ ಈಜುಕೊಳದ ಖರ್ಚನ್ನು ಮೊದಲು ಕಡಿಮೆ ಮಾಡುತ್ತದೋ, ಬಂಡೆ ಹತ್ತುವವರ ಅನುದಾನವನ್ನೋ ಎಂದು ಊಹಿಸುವುದು ಕಷ್ಟವಲ್ಲ. ಈಜುಕೊಳಕ್ಕೆ ಸಿಬ್ಬಂದಿ ಇದ್ದಾರೆ, ಕರೆಂಟು ಬಿಲ್ಲಿದೆ, ಹೊರಗಿನ ಗಿರಾಕಿಗಳಿದ್ದಾರೆ. ಕ್ಲಬ್ಬಿಗೆ ಇರುವುದು ಒಂದು ಬೀರು ಮತ್ತು ಮುಂದಿನ ವರ್ಷ ಇಲ್ಲಿರದ ಒಬ್ಬ ಖಜಾಂಚಿ. ಈ ಸಲದ ಅಪಾಯ ಶತ್ರುವಿನಿಂದಲ್ಲ, ಸದುದ್ದೇಶದ ನಿಯಮದಿಂದ.

ಮೆಲ್ಬರ್ನ್, ಸಿಡ್ನಿ, ಬ್ರಿಸ್ಬೇನ್‌ಗಳಿಗೆ ಓದಲು ಹೋಗುವ ನಮ್ಮ ಮಕ್ಕಳೂ ಈ ಲೆಕ್ಕದ ಒಳಗೇ ಇದ್ದಾರೆ. ಕೆಲವು ವಿಶ್ವವಿದ್ಯಾಲಯಗಳಲ್ಲಿ ಶುಲ್ಕ ರಸೀದಿಯ ಪ್ರತ್ಯೇಕ ಸಾಲಾಗಿ, ಕೆಲವೆಡೆ ಬೋಧನಾ ಶುಲ್ಕದಲ್ಲೇ ಕರಗಿ ಅವರೂ ಇದನ್ನು ಕೊಡುತ್ತಾರೆ. ಮೇಲೆ ಹೇಳಿದ ಸರ್ಕಾರಿ ಸಾಲದ ಅನುಕೂಲ ಮಾತ್ರ ಅವರಿಗಿಲ್ಲ. ಬಹುಪಾಲು ಮಂದಿ ಅದನ್ನು ಪಾರ್ಕಿಂಗ್ ದಂಡದಂತೆ ಕಟ್ಟಿ ಮರೆಯುತ್ತಾರೆ. ಓರಿಯಂಟೇಶನ್ ವಾರದಲ್ಲಿ ಹಗ್ಗ ನೇತುಹಾಕಿಕೊಂಡ ಒಂದು ಮೇಜು ಹುಲ್ಲುಹಾಸಿನ ಮೇಲೆ ಇರುತ್ತದೆ. ಅಲ್ಲಿ ಹೆಸರು ಬರೆಸಿದವರಿಗೆ ಕ್ಲಬ್ಬಿನ ವಾರ್ಷಿಕ ಸಭೆಯಲ್ಲಿ ಮತವಿದೆ. ಈ ವರ್ಷ ಕ್ರೀಡಾ ವಿಭಾಗದಿಂದ ಎಷ್ಟು ಬಂತು, ಹೋದ ವರ್ಷ ಎಷ್ಟಿತ್ತು, ಯಾವ ಹಗ್ಗ ಯಾವಾಗ ಬದಲಾಗಬೇಕು ಎಂದು ಆ ಸಭೆಯಲ್ಲಿ ಕೇಳಬಹುದು.